ಚೀಟಿ ಹೋಯಿತು, ಗಾಯ ಉಳಿಯಿತು

ರಕ್ತ ಅಂದರೆ ಕೆಂಪು ಅಂತ ನಮಗೆಲ್ಲ ಗೊತ್ತು. ಬಾವುಟಕ್ಕೆ ಆ ಬಣ್ಣ ಹಚ್ಚಿದವರು ನಾವು, ಹಾಡಿನಲ್ಲಿ ಅದನ್ನು ಕೂಗಿದವರೂ ನಾವು. ಆದರೆ ಹೊಟ್ಟೆಯೊಳಗೆ ಸೋರುವ ರಕ್ತ ಕೆಂಪಗೆ ಹೊರಗೆ ಬರುವುದಿಲ್ಲ. ಜಠರದ ಹುಳಿಯಲ್ಲಿ ಕಲೆತು, ಕರುಳಿನ ಉದ್ದಕ್ಕೂ ಇಳಿದು, ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತ ಹೊತ್ತು ಬರುತ್ತದೆ. ಅದೂ ರಕ್ತವೇ ಅಂತ ತಿಳಿಯಬೇಕಾದರೆ ಯಾರಾದರೂ ಹೇಳಿಕೊಡಬೇಕು. ನಮ್ಮ ಕೇರಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಇದು ಕತೆಯಲ್ಲ. ಅನುಕಂಪ ಬೇಡುವ ಅರ್ಜಿಯೂ ಅಲ್ಲ.

ನಾವು ಸೋಲೂರಿನವರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ, ಕುಣಿಗಲ್ ಮುಟ್ಟುವ ಮೊದಲು ಸಿಗುವ ಊರು. 2017ರಿಂದ ಹಾಸನದ ರೈಲೂ ನಮ್ಮೂರ ಮೇಲೇ ಓಡುತ್ತದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮಾಗಡಿ ಸೀಮೆ ನಮ್ಮದು ಅಂತ ಭಾಷಣಗಳಲ್ಲಿ ಹೇಳುತ್ತಾರೆ. ಆ ಬೆಂಗಳೂರಿನ ಆಸ್ಪತ್ರೆ ಬಾಗಿಲಲ್ಲಿ ಚೀಟಿ ಹಿಡಿದು ಸಾಲು ನಿಂತವರು ನಾವು. ನಾವು ಅಂದರೆ ದೊಡ್ಡಯ್ಯನ ಮಕ್ಕಳು, ಅವನ ತಮ್ಮನ ಮಕ್ಕಳು, ಒಂದೇ ಅಂಗಳದಲ್ಲಿ ಬೆಳೆದ ಆರು ಜನ.

ದೊಡ್ಡಯ್ಯ ರಸ್ತೆ ಕೂಲಿ. ಜಲ್ಲಿ ಹರಡಿ, ಟಾರು ಸುರಿದು, ಬಿಸಿಲಲ್ಲಿ ಸುಟ್ಟುಕೊಂಡ ಮೈ. ದಿನಕ್ಕೊಂದು ಕಟ್ಟು ಬೀಡಿ. 2010ರಲ್ಲಿ ಒಂದು ದಿನ ಉಚ್ಚೆಯಲ್ಲಿ ರಕ್ತ ಬಂತು. ನೋವಿಲ್ಲ, ಉರಿಯಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು: 'ಉಷ್ಣ ಕಣಯ್ಯ, ಎಳನೀರು ಕುಡಿ.' ಎಳನೀರು ಕುಡಿದ, ಬಾರ್ಲಿ ನೀರು ಕುಡಿದ. ರಕ್ತ ನಿಂತಿತು. ಎರಡು ತಿಂಗಳು ಬಿಟ್ಟು ಮತ್ತೆ ಬಂತು. ಹೀಗೆ ಬಂದು ಹೋಗುವುದೇ ಇದರ ಮೋಸ. ನೋವಿಲ್ಲದೆ ಉಚ್ಚೆಯಲ್ಲಿ ರಕ್ತ ಒಂದೇ ಒಂದು ಸಲ ಕಂಡರೂ, ತಾನಾಗಿ ನಿಂತರೂ, ಸ್ಕ್ಯಾನ್ ಮಾಡಿಸಲೇಬೇಕು. ಈ ಮಾತು ನಮ್ಮ ಯಾವ ಗೋಡೆಯ ಮೇಲೂ ಬರೆದಿಲ್ಲ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಡಗಡೆಯ ಕಿಡ್ನಿಯನ್ನು ಪೂರ್ತಿ ತೆಗೆದರು. 'ಗೆಡ್ಡೆ ಇತ್ತು, ತೆಗೆದ್ವಿ, ಇನ್ನೇನೂ ಭಯ ಇಲ್ಲ' ಅಂದರು. ಕ್ಯಾನ್ಸರ್ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. ಅದು ಇದ್ದದ್ದು ಚೀಟಿಯಲ್ಲಿ, ಇಂಗ್ಲಿಷಿನಲ್ಲಿ. ದೊಡ್ಡಯ್ಯನಿಗೆ ಓದು ಬಾರದು. ದೊಡ್ಡವ್ವನಿಗೂ ಬಾರದು. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂತ ಹೇಳಿದ್ದರು. ಎರಡು ಸಲ ಹೋದ. ಹೋದ ದಿನ ಕೂಲಿ ಇಲ್ಲ, ಬಸ್ಸಿನ ಚಾರ್ಜು, ಸಾಲಿನಲ್ಲಿ ನಿಂತು ಸಂಜೆ ಆದರೆ ಸ್ಕ್ಯಾನಿಗೆ ಇನ್ನೊಂದು ದಿನ. ಮೂರನೇ ಸಲಕ್ಕೆ, 'ಚೆನ್ನಾಗೇ ಅವ್ನಿ, ಯಾಕೆ ಓಗ್ಲಿ' ಅಂದ. ಗೆಡ್ಡೆ ಅಂದವರು ಯಾವ ಗೆಡ್ಡೆ ಅಂತ ಹೇಳಿದ್ದರೆ ಹೋಗುತ್ತಿದ್ದನೋ ಏನೋ.

ಒಡಲೊಳಗೆ ಏನೇನಿದೆ ಅನ್ನುವುದು ನಮ್ಮ ಕೇರಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಹಬ್ಬದಲ್ಲಿ ಗುಡ್ಡೆ ಬಾಡು ಹಾಕುವಾಗ ಯಾವುದು ಎಲ್ಲಿರುತ್ತೆ ಅಂತ ಚಿಕ್ಕ ಹುಡುಗರಿಗೂ ಗೊತ್ತು. ಬೆನ್ನಿನ ಎರಡೂ ಕಡೆ ಕೊಬ್ಬಿನೊಳಗೆ ಅಡಗಿ ಕೂತ ಕಾಳಿನ ಆಕಾರದ ಎರಡು ತುಂಡು ಕಿಡ್ನಿ. ಸುರುಳಿ ಸುತ್ತಿಕೊಂಡದ್ದು ಬೋಟಿ. ಕಿಡ್ನಿಗೂ ಬೋಟಿಗೂ ನೇರ ದಾರಿಯಿಲ್ಲ, ಇದರದು ನೀರಿನ ಕೆಲಸ, ಅದರದು ಅನ್ನದ ಕೆಲಸ. ಹಾಗಿದ್ದ ಮೇಲೆ ಕಿಡ್ನಿಯ ರೋಗ ಕರುಳಿಗೆ ಹೇಗೆ ಬಂತು? ಇದೇ ಪ್ರಶ್ನೆಯನ್ನು ದೊಡ್ಡಯ್ಯ ಡಾಕ್ಟರನ್ನು ಕೇಳಿದ. ಓದಿದವರು ಕೇಳಬೇಕಾಗಿದ್ದ ಪ್ರಶ್ನೆ ಅದು.

ಉತ್ತರ ರಕ್ತದಲ್ಲಿದೆ. ಗುಂಡಿಗೆ ತಳ್ಳುವ ರಕ್ತದಲ್ಲಿ ಸುಮಾರು 5ರಲ್ಲಿ 1 ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಅಲ್ಲಿ ಹುಟ್ಟುವ ಕ್ಯಾನ್ಸರ್ ಕೂಡ ರಕ್ತ ಕುಡಿದೇ ಬೆಳೆಯುವಂಥದ್ದು. ತನಗೆ ಬೇಕಾದ ಹೊಸ ರಕ್ತನಾಳಗಳನ್ನು ತಾನೇ ಎಳೆದುಕೊಳ್ಳುತ್ತದೆ. ಅದರ ಕಣಗಳು ಕಿಡ್ನಿಯ ರಕ್ತನಾಳದಿಂದ ದೊಡ್ಡ ನಾಳಕ್ಕೆ, ಅಲ್ಲಿಂದ ಗುಂಡಿಗೆಗೆ, ಗುಂಡಿಗೆಯಿಂದ ಶ್ವಾಸಕೋಶಕ್ಕೆ ಹೋಗುತ್ತವೆ. ಅದಕ್ಕೇ ಶ್ವಾಸಕೋಶದಲ್ಲಿ ಮೊದಲು ಕಾಣುವುದು ಹೆಚ್ಚು. ಆಮೇಲೆ ಮೂಳೆ, ಈಲಿ, ಮಿದುಳು. ಅದನ್ನೂ ದಾಟಿದ ಕಣ ಎಲ್ಲಿ ಬೇಕಾದರೂ ಇಳಿಯಬಹುದು. ಜಠರ, ಸಣ್ಣ ಕರುಳು, ದೊಡ್ಡ ಕರುಳು, ಪಿತ್ತಕೋಶ, ಮೇದೋಜೀರಕ ಗ್ರಂಥಿ. ಜಠರದಲ್ಲಿ ಇಳಿಯುವುದು ಬಹಳ ಅಪರೂಪ, ಈ ರೋಗ ಇರುವವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಅಪರೂಪ ಅನ್ನುವ ಮಾತು ವೈದ್ಯರ ಪುಸ್ತಕಕ್ಕೆ ಸರಿ. ಯಾರ ಮನೆಗೆ ಬಂತೋ ಆ ಮನೆಗೆ ಅದು ನೂರಕ್ಕೆ ನೂರು.

ಇದರ ಇನ್ನೊಂದು ಗುಣವನ್ನು ಎಲ್ಲರೂ ತಿಳಿಯಬೇಕು. ಕಿಡ್ನಿ ತೆಗೆದ ಮೇಲೆ ಮತ್ತೆ ಬರುವುದಾದರೆ ಹೆಚ್ಚಾಗಿ ಮೊದಲ ಐದು ವರ್ಷದೊಳಗೆ ಬರುತ್ತದೆ. ಆದರೆ ಹತ್ತು ವರ್ಷ, ಹದಿನೈದು ವರ್ಷ, ಇಪ್ಪತ್ತು ವರ್ಷ ಬಿಟ್ಟು ಬಂದದ್ದೂ ಉಂಟು. ಅಷ್ಟು ವರ್ಷ ಮೈಯೊಳಗೆ ಎಲ್ಲೋ ಸುಮ್ಮನೆ ಮಲಗಿರುತ್ತದೆ. ರೋಗಿ ಮರೆತಿರುತ್ತಾನೆ, ಆಸ್ಪತ್ರೆ ಮರೆತಿರುತ್ತದೆ. ರೋಗ ಮರೆತಿರುವುದಿಲ್ಲ.

2022ರಲ್ಲಿ, ಹನ್ನೆರಡು ವರ್ಷ ಕಳೆದ ಮೇಲೆ, ದೊಡ್ಡಯ್ಯನಿಗೆ ಸುಸ್ತು ಶುರುವಾಯಿತು. ಹತ್ತು ಹೆಜ್ಜೆಗೆ ಏದುಸಿರು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತು. ಮುದ್ದೆ ಅರ್ಧಕ್ಕೇ ಸಾಕು ಅನ್ನುತ್ತಿದ್ದ. ಒಂದು ದಿನ ಕೆರೆ ಕಡೆಯಿಂದ ಬಂದವನು ಜಗುಲಿ ಮೇಲೆ ಕೂತು ಹೇಳಿದ: 'ಟಾರು ಇದ್ದಂಗೆ ಓಯ್ತದೆ ಕಣ್ರೋ. ಮೂವತ್ತು ವರ್ಸ ರಸ್ತೆಗೆ ಆಕಿದ್ದು ಈಗ ಒಟ್ಟೇಲಿ ಬತ್ತಾ ಅದೆ.' ಅವನು ನಕ್ಕ. ನಾವೂ ನಕ್ಕೆವು. ಆದರೆ ಅವನು ಕೊಟ್ಟ ಹೋಲಿಕೆ ಎಷ್ಟು ಸರಿಯಾಗಿತ್ತು ಅಂದರೆ, ಡಾಕ್ಟರುಗಳ ಪುಸ್ತಕದಲ್ಲೂ ಈ ಲಕ್ಷಣಕ್ಕೆ ಟಾರಿನ ಹೋಲಿಕೆಯನ್ನೇ ಕೊಟ್ಟಿದ್ದಾರೆ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಮೇಜಿನ ಆಚೆಯಿಂದಲೇ ನೋಡಿದರು. ಹೊಟ್ಟೆ ಮುಟ್ಟಲಿಲ್ಲ, ಅಂಗಿ ಎತ್ತಿಸಲಿಲ್ಲ. 'ರಕ್ತ ಕಮ್ಮಿ' ಅಂದು ಕಬ್ಬಿಣದ ಮಾತ್ರೆ ಬರೆದರು. ಕೇರಿಯವರಿಗೆ ರಕ್ತ ಕಮ್ಮಿ ಇರುವುದು ಆಶ್ಚರ್ಯವಲ್ಲವಲ್ಲ. ನಮ್ಮ ಹೆಂಗಸರಿಗೆ ಕಮ್ಮಿ, ಮಕ್ಕಳಿಗೆ ಕಮ್ಮಿ, ಗಂಡಸಿಗೂ ಕಮ್ಮಿ ಇದ್ದರೆ ಇರಲಿ. ಐವತ್ತು ದಾಟಿದ ಗಂಡಸಿಗೆ ರಕ್ತ ಏಕಾಏಕಿ ಇಳಿದರೆ ಅದು ಎಲ್ಲೋ ಸೋರುತ್ತಿದೆ ಅಂತ ಹುಡುಕಬೇಕು, ಇದು ವೈದ್ಯಶಾಸ್ತ್ರದ ಮೊದಲ ಪಾಠ. ಬಡವನ ಮೈಯಲ್ಲಿ ಈ ಪಾಠ ಮರೆತುಹೋಗುತ್ತದೆ. ರಕ್ತ ಕಡಿಮೆ ಇರುವುದೇ ನಮ್ಮ ಸಹಜ ಸ್ಥಿತಿ ಅಂತ ಅವರು ತೀರ್ಮಾನಿಸಿಯಾಗಿದೆ.

ಇಲ್ಲಿ ಇನ್ನೊಂದು ತೊಡಕಿದೆ. ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಗಾಗುತ್ತದೆ. ಹಾಗಾಗಿ ಮುಂದಿನ ಸಲ 'ಇನ್ನೂ ಕಪ್ಪಗೇ ಹೋಗ್ತಿದೆ ಸಾರ್' ಅಂದಾಗ, 'ಅದು ಮಾತ್ರೆಯಿಂದ, ಹೆದರಬೇಡಿ' ಅಂದರು. ಮಾತ್ರೆಯ ಕಪ್ಪಿಗೆ ಅಂಟಿಲ್ಲ, ಆ ಕೆಟ್ಟ ನಾತ ಇಲ್ಲ. ರಕ್ತದ ಕಪ್ಪಿಗೆ ಎರಡೂ ಇದೆ. ಇಷ್ಟು ವ್ಯತ್ಯಾಸ ಕೇಳಿ ತಿಳಿಯಲು ಎರಡು ನಿಮಿಷ ಸಾಕಾಗಿತ್ತು. ಆ ಎರಡು ನಿಮಿಷ ನಮಗೆ ಸಿಗಲಿಲ್ಲ. ನಾಲ್ಕು ತಿಂಗಳು ಹೋಯಿತು.

ಆ ನಾಲ್ಕು ತಿಂಗಳಲ್ಲಿ ಕೇರಿ ತನ್ನದೇ ರೋಗನಿರ್ಣಯ ಮಾಡಿತು. ಕೈಮದ್ದು. ಯಾರೋ ಊಟದಲ್ಲಿ ಮದ್ದು ಇಟ್ಟಿದ್ದಾರೆ, ಅದು ಹೊಟ್ಟೆಯೊಳಗೆ ಅಂಟಿಕೊಂಡು ಬೆಳೆಯುತ್ತಿದೆ, ಅದಕ್ಕೇ ಕಪ್ಪಗೆ ಹೋಗುವುದು, ಅದಕ್ಕೇ ಅನ್ನ ಸೇರದಿರುವುದು. ಮದ್ದು ಇಟ್ಟವರು ಯಾರು? ಕಡೇ ಮನೆಯ ಒಂಟಿ ಹೆಂಗಸು. ಗಂಡ ಸತ್ತವಳು, ಜಮೀನಿನ ಬದುವಿನ ವಿಷಯಕ್ಕೆ ದೊಡ್ಡಯ್ಯನ ಜೊತೆ ಒಂದು ಸಲ ಜಗಳ ಆಡಿದವಳು. ಹಿಂದಿನ ವರ್ಷ ಮಗಳ ಮದುವೆಯಲ್ಲಿ ಅವಳೇ ದೊಡ್ಡಯ್ಯನ ಎಲೆಗೆ ಪಾಯಸ ಬಡಿಸಿದ್ದಳಂತೆ. ಸಾಕ್ಷಿ ಅಷ್ಟೇ. ಅವಳ ಮನೆಗೆ ನೀರು ಬೆಂಕಿ ನಿಂತಿತು. ಅವಳ ಮೊಮ್ಮಗನ ಜೊತೆ ಆಡಬೇಡಿ ಅಂತ ಮಕ್ಕಳಿಗೆ ಹೇಳಿದರು. ಊರು ಕೇರಿಯನ್ನು ದೂರ ಇಟ್ಟಿದ್ದು ಸಾಲದು ಅಂತ, ಕೇರಿ ತನ್ನೊಳಗೆ ಒಬ್ಬಳನ್ನು ದೂರ ಇಟ್ಟಿತು.

ಮದ್ದು ತೆಗೆಯುವವನ ಹತ್ತಿರ ಕರೆದೊಯ್ಯಲು ನೆಂಟರು ಗಾಡಿ ಗೊತ್ತು ಮಾಡಿದರು. ಎಂಥದೋ ಕಷಾಯ ಕುಡಿಸಿ, ವಾಂತಿ ಮಾಡಿಸಿ, ಬಂದದ್ದರಲ್ಲಿ ಕಪ್ಪು ಉಂಡೆ ತೋರಿಸಿ 'ನೋಡಿ, ಇದೇ ಮದ್ದು' ಅನ್ನುತ್ತಾರೆ. ಒಳಗೆ ರಕ್ತ ಸೋರುವವನಿಗೆ ವಾಂತಿ ಮಾಡಿಸಿದರೆ ಕಪ್ಪು ಗರಣೆ ಬಂದೇ ಬರುತ್ತದೆ. ಅದನ್ನು ನೋಡಿ ನಂಬದಿರುವುದು ಕಷ್ಟ. ನಾವು ಬೇಡವೆಂದೆವು. ಅಂಗಳದಲ್ಲಿ ದೊಡ್ಡ ಜಗಳವೇ ಆಯಿತು. ದೊಡ್ಡವ್ವ ನಮ್ಮ ಕಡೆ ನಿಂತಳು. 'ಪಾಯಸ ನಾನೂ ಉಂಡಿವ್ನಿ, ನಂಗ್ಯಾಕೆ ಏನೂ ಆಗ್ಲಿಲ್ಲ? ಪಾಪದ ಮಾತ್ ಆಡ್ಬೇಡಿ' ಅಂದಳು. ಓದು ಬಾರದವಳ ತರ್ಕ ಅಷ್ಟು ನೆಟ್ಟಗಿತ್ತು.

ಮಾರನೇ ದಿನ ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದೆವು. ಹಿಮೋಗ್ಲೋಬಿನ್ 5ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ರಾತ್ರಿ ಪಾಳಿಯ ಒಬ್ಬ ಹುಡುಗಿ ಡಾಕ್ಟರು ಬಂದು, ಅಂಗಿ ಎತ್ತಿ, ಹೊಟ್ಟೆ ಅದುಮಿ, ಪಕ್ಕೆಯ ಉದ್ದದ ಗಾಯದ ಗುರುತಿನ ಮೇಲೆ ಕೈಯಿಟ್ಟು ಕೇಳಿದಳು: 'ಇದೇನು ತಾತ, ಯಾವಾಗ ಕೊಯ್ದದ್ದು?' ನಾಲ್ಕು ತಿಂಗಳಲ್ಲಿ ದೊಡ್ಡಯ್ಯನ ಮೈ ಮುಟ್ಟಿದ ಮೊದಲ ವೈದ್ಯೆ ಅವಳು. ನಾವು ಹೇಳಿದೆವು. ಚೀಟಿ ಎಲ್ಲಿ ಅಂದಳು. ಚೀಟಿ ಇಲ್ಲ. ಹಳೇ ಮನೆಯ ಸೂರಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದದ್ದು, ಮನೆ ಬಿಚ್ಚಿ ಕಟ್ಟುವಾಗ ಮಣ್ಣಿನ ಜೊತೆ ಹೋಗಿತ್ತು. ಆಪರೇಶನ್ ಮಾಡಿದ ಆಸ್ಪತ್ರೆಗೆ ಹೋಗಿ ಕೇಳಿದರೆ, ಅಷ್ಟು ಹಳೇ ಫೈಲು ಸಿಗುವುದಿಲ್ಲ ಅಂದರು. ಉಳಿದದ್ದು ಚರ್ಮದ ಮೇಲಿನ ಗೆರೆ ಒಂದೇ. ಅದನ್ನು ಓದಿದವಳು ಅವಳೊಬ್ಬಳೇ.

ಬಾಯಿಯಿಂದ ಕೊಳವೆ ಇಳಿಸಿ ನೋಡಿದರು. ಎಂಡೋಸ್ಕೋಪಿ ಅನ್ನುತ್ತಾರೆ. ಜಠರದ ಮೇಲ್ಭಾಗದಲ್ಲಿ ಕೆಂಪಗೆ ಊದಿಕೊಂಡ ಒಂದು ಗಂಟು, ಅದರ ತುದಿಯಲ್ಲಿ ಹುಣ್ಣು, ಅಲ್ಲಿಂದ ರಕ್ತ ಒಸರುತ್ತಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕಳಿಸುವ ಕಾಗದದ ಮೇಲೆ ಆ ಡಾಕ್ಟರು ಒಂದು ಸಾಲು ಬರೆದಳು: ಹನ್ನೆರಡು ವರ್ಷದ ಹಿಂದೆ ಎಡ ಕಿಡ್ನಿ ತೆಗೆದಿದೆ, ಗೆಡ್ಡೆಗಾಗಿ. ಆ ಒಂದು ಸಾಲಿನ ಬೆಲೆ ಏನು ಅಂತ ನಮಗೆ ಆಮೇಲೆ ತಿಳಿಯಿತು. ಕಿಡ್ನಿಯ ಕ್ಯಾನ್ಸರಿನ ಬಹುಪಾಲು ಒಂದು ಜಾತಿಯದು. ಅದರ ಕಣಗಳೊಳಗೆ ಕೊಬ್ಬು ಮತ್ತು ಸಕ್ಕರೆಯ ಅಂಶ ತುಂಬಿರುತ್ತದೆ. ಪರೀಕ್ಷೆಗೆ ಸಿದ್ಧ ಮಾಡುವಾಗ ಅದು ಕರಗಿಹೋಗಿ, ಸೂಕ್ಷ್ಮದರ್ಶಕದಲ್ಲಿ ಕಣ ಬರಿದಾಗಿ, ತಿಳಿಯಾಗಿ ಕಾಣುತ್ತದೆ. ಜಠರದ ಚೂರಿನಲ್ಲಿ ಅಂಥ ಕಣ ಕಂಡಾಗ, ಹಿಂದಿನ ಸಂಗತಿ ಗೊತ್ತಿಲ್ಲದವರು ಇದು ಜಠರದ್ದೇ ಕ್ಯಾನ್ಸರ್ ಅಂದುಕೊಳ್ಳುವ ಅಪಾಯವಿದೆ. ಗೊತ್ತಿದ್ದವರು ಬೇರೆ ಬಣ್ಣ ಹಾಕಿ ಪರೀಕ್ಷಿಸಿ ಕಿಡ್ನಿಯದು ಅಂತ ಖಚಿತ ಮಾಡುತ್ತಾರೆ. ಎರಡಕ್ಕೂ ಮದ್ದು ಬೇರೆ ಬೇರೆ. ತಪ್ಪು ಹೆಸರು ಬಿದ್ದರೆ ತಪ್ಪು ಮದ್ದು.

ಸ್ಕ್ಯಾನಿನಲ್ಲಿ ಸಣ್ಣ ಕರುಳಿನಲ್ಲೂ ಒಂದು ಗಂಟು, ಶ್ವಾಸಕೋಶದಲ್ಲೂ ಚುಕ್ಕೆಗಳು ಕಂಡವು. ಕರುಳಿನ ಗಂಟು ಬೆಳೆದರೆ, ಅಂಗಿಯ ತೋಳು ತನ್ನೊಳಗೇ ಮಡಚಿ ಸೇರಿಕೊಂಡ ಹಾಗೆ ಕರುಳು ಕರುಳಿನೊಳಗೆ ಹೊಕ್ಕು ದಾರಿ ಕಟ್ಟಿಹೋಗುತ್ತದೆ ಅಂತ ವಿವರಿಸಿದರು. ಒಂದೇ ಕಡೆ ಇದ್ದು ಬೇಗ ಸಿಕ್ಕಿದ್ದರೆ ಅಷ್ಟು ಭಾಗ ಕತ್ತರಿಸಿ ತೆಗೆಯಬಹುದು, ಹಾಗೆ ತೆಗೆಸಿಕೊಂಡು ವರ್ಷಗಟ್ಟಲೆ ಬದುಕಿದವರಿದ್ದಾರೆ. ದೊಡ್ಡಯ್ಯನಿಗೆ ಆ ಹೊತ್ತು ಮೀರಿತ್ತು. ಉಳಿದದ್ದು ಮಾತ್ರೆ.

ಆ ಮಾತ್ರೆಯ ಹಿಂದೆ ಒಂದು ಚರಿತ್ರೆಯಿದೆ, ಅದನ್ನು ನಾವು ಮರೆಯಬಾರದು. ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಕೀಮೋ ಮದ್ದುಗಳಿಗೆ ಕಿಡ್ನಿಯ ಕ್ಯಾನ್ಸರ್ ಜಗ್ಗುವುದಿಲ್ಲ. ಈ ಗಂಟುಗಳು ಎಳೆದುಕೊಳ್ಳುವ ರಕ್ತನಾಳವನ್ನೇ ತಡೆಯುವ ಮಾತ್ರೆಗಳು ಬಂದದ್ದು 2005ರ ಸುಮಾರಿಗೆ. ಮೊದಲು ಬಂದದ್ದು ಸೊರಾಫೆನಿಬ್. ಅದೇ 2005ರಲ್ಲಿ ನಮ್ಮ ದೇಶದ ಪೇಟೆಂಟ್ ಕಾನೂನೂ ಬದಲಾಯಿತು. 1970ರ ಕಾಯ್ದೆಯಲ್ಲಿ ಮದ್ದು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕಿತ್ತು, ಹೊಸ ಕಾನೂನಿನಲ್ಲಿ ಮದ್ದಿಗೇ ಒಡೆತನ ಬಂತು. ಜರ್ಮನಿಯ ಬೇಯರ್ ಕಂಪನಿ ಈ ಮಾತ್ರೆಗೆ ಇಟ್ಟ ಬೆಲೆ ತಿಂಗಳಿಗೆ 2,80,428 ರೂಪಾಯಿ. ನಮ್ಮ ಕೇರಿಯ ಅಷ್ಟೂ ಮನೆಗಳ ತಿಂಗಳ ಕೂಲಿ ಕೂಡಿಸಿದರೂ ಮುಟ್ಟದ ದುಡ್ಡು. ಬೇಕಾದ ರೋಗಿಗಳಲ್ಲಿ ನೂರಕ್ಕೆ ಎರಡರಷ್ಟು ಜನಕ್ಕೆ ಮಾತ್ರ ಅದು ಸಿಗುತ್ತಿತ್ತು. 2012ರ ಮಾರ್ಚ್ 9ರಂದು ಭಾರತದ ಪೇಟೆಂಟ್ ನಿಯಂತ್ರಕರು, ಜನಕ್ಕೆ ಎಟುಕದ ಬೆಲೆಯ ಮದ್ದನ್ನು ಬೇರೆಯವರೂ ತಯಾರಿಸಬಹುದು ಅಂತ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟರು. ಬೆಲೆ ತಿಂಗಳಿಗೆ 8,880 ರೂಪಾಯಿ ಮೀರುವಂತಿರಲಿಲ್ಲ. ಬೇಯರ್ ಮೇಲ್ಮನವಿ ಹೋಯಿತು, 2014ರಲ್ಲಿ ಬಾಂಬೆ ಹೈಕೋರ್ಟಿನಲ್ಲೂ, ಸುಪ್ರೀಂ ಕೋರ್ಟಿನಲ್ಲೂ ಗೆಲ್ಲಲಿಲ್ಲ. ನಮ್ಮ ದೇಶ ಕೊಟ್ಟ ಮೊದಲ ಕಡ್ಡಾಯ ಪರವಾನಗಿ ಅದು, ಕಿಡ್ನಿ ಮತ್ತು ಈಲಿಯ ಕ್ಯಾನ್ಸರಿನ ಮದ್ದಿಗೆ. ಒಂದು ಸಹಿಯಿಂದ 2,80,428 ಇದ್ದದ್ದು 8,880 ಆಗುವುದಾದರೆ, ನಡುವಿನ ದುಡ್ಡು ಮದ್ದಿನದಲ್ಲ, ಒಡೆತನದ್ದು.

ಈಗ ಕಿಡ್ನಿಯ ಕ್ಯಾನ್ಸರಿಗೆ ಅದಕ್ಕಿಂತ ಮುಂದಿನ ಮಾತ್ರೆಗಳು ಬಂದಿವೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಂಜೆಕ್ಷನ್ನುಗಳೂ ಬಂದಿವೆ. ಆ ಇಂಜೆಕ್ಷನ್ನುಗಳ ಲೆಕ್ಕ ಲಕ್ಷಗಳಲ್ಲಿ. ದೊಡ್ಡಯ್ಯನಿಗೆ ಸಿಕ್ಕಿದ್ದು ಮಾತ್ರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತಿದೆ. ಕಾರ್ಡಿನಿಂದ ಹಾಸಿಗೆ, ಸ್ಕ್ಯಾನು ನಡೆಯಿತು. ಓಡಾಟಕ್ಕೆ, ಊಟಕ್ಕೆ, ಹೊರಗಿನ ಮದ್ದಿಗೆ ಎರಡು ಮೇಕೆ, ಒಂದು ಎಮ್ಮೆ ಹೋಯಿತು. ಅಂಗಾಲು, ಅಂಗೈ ಸುಲಿದವು, ಬಾಯಿ ಹುಣ್ಣಾಯಿತು. ಆದರೂ ಕಪ್ಪಗೆ ಹೋಗುವುದು ನಿಂತು, ಎಂಟು ತಿಂಗಳು ಚೆನ್ನಾಗಿದ್ದ. ಆ ಎಂಟು ತಿಂಗಳಲ್ಲಿ ಅವನು ಮಾಡಿದ ಒಂದು ಕೆಲಸ ಹೇಳಬೇಕು. ಕಡೇ ಮನೆಗೆ ತಾನೇ ನಡೆದುಹೋಗಿ, ಜಗುಲಿ ಮೇಲೆ ಕೂತು, 'ಒಸಿ ಮಜ್ಜಿಗೆ ಕೊಡವ್ವ' ಅಂದ. ಕೇರಿ ನೋಡುತ್ತಿರುವಾಗಲೇ ಲೋಟ ಪೂರ್ತಿ ಕುಡಿದ. 'ನಂಗೆ ಬಂದಿರಾದು ಕಿಡ್ನಿ ಕ್ಯಾನ್ಸರು. ಯಾರೂ ಏನೂ ಇಕ್ಕಿಲ್ಲ' ಅಂತ ಎದ್ದು ಬಂದ. ಯಾವ ವಿಚಾರವಾದಿಯ ಭಾಷಣವೂ ನಮ್ಮ ಕೇರಿಯಲ್ಲಿ ಅಷ್ಟು ಕೆಲಸ ಮಾಡಿಲ್ಲ. 2023ರ ಕೊನೆಯಲ್ಲಿ ತೀರಿಕೊಂಡ. ಮಣ್ಣು ಹಾಕುವಾಗ ಆ ಹೆಂಗಸು ಎಲ್ಲರ ಮುಂದೆ ನಿಂತು ಅತ್ತಳು, ಯಾರೂ ತಡೆಯಲಿಲ್ಲ.

ಗೆಳೆಯರೆ, ಈ ರೋಗ ಅಪರೂಪದ್ದು. ಆದರೆ ಅದು ಸಿಕ್ಕಿಬೀಳದೆ ಉಳಿದ ದಾರಿ ಅಪರೂಪದ್ದಲ್ಲ. ಹೆಸರು ಹೇಳದೆ ಬಚ್ಚಿಟ್ಟದ್ದು, ಇಂಗ್ಲಿಷಿನ ಚೀಟಿ, ಕಳೆದುಹೋದ ಫೈಲು, ಮುಟ್ಟದ ಕೈ, ಬಡವನಿಗೆ ರಕ್ತ ಕಮ್ಮಿ ಇರುವುದು ಸಹಜ ಅನ್ನುವ ಅಸಡ್ಡೆ. ಈ ದಾರಿಯಲ್ಲಿ ಬೇರೆ ಎಷ್ಟು ರೋಗಗಳು ನಡೆದು ಬರುತ್ತಿವೆಯೋ. ಬೀಡಿ, ಸಿಗರೇಟು, ರಕ್ತದೊತ್ತಡ, ಅತಿ ಬೊಜ್ಜು ಈ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಅನ್ನುವ ದ್ರವ ಕಿಡ್ನಿಯ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ತೀರ್ಮಾನಿಸಿದೆ. ನಮ್ಮ ಕಡೆಯ ಹುಡುಗರು ಪೀಣ್ಯಕ್ಕೆ, ಡಾಬಸ್‌ಪೇಟೆಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಕೈ ಅದ್ದುವ ಮೊದಲು ಡಬ್ಬದ ಮೇಲಿನ ಹೆಸರು ಓದಿ.

ಆಸ್ಪತ್ರೆಗಳಿಂದ ನಾವು ಕೇಳಬೇಕಾದದ್ದು ದಯೆಯಲ್ಲ, ಕನ್ನಡದಲ್ಲಿ ಮೂರು ಸಾಲು. ಏನು ತೆಗೆದಿರಿ, ಅದರ ಹೆಸರೇನು, ಮುಂದೆ ಎಷ್ಟು ವರ್ಷ ಯಾವುದನ್ನು ಗಮನಿಸಬೇಕು. ಪ್ರತಿ ಬಿಡುಗಡೆ ಚೀಟಿಯಲ್ಲಿ ಈ ಮೂರು ಸಾಲು ಇರಲೇಬೇಕು ಅಂತ ಒತ್ತಾಯಿಸೋಣ. ಅದು ಬರುವವರೆಗೆ ಹಳ್ಳಿಯ ಮೇಷ್ಟ್ರುಗಳು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಒಂದು ಕೆಲಸ ಮಾಡಬಹುದು. ನಾವು ನಮ್ಮ ಕೇರಿಯಲ್ಲಿ ಶುರು ಮಾಡಿದ್ದೇವೆ. ಭಾನುವಾರ ಮನೆ ಮನೆಗೆ ಹೋಗಿ, ಪೆಟ್ಟಿಗೆಯಲ್ಲಿ, ದೇವರ ಪಟದ ಹಿಂದೆ, ಅಕ್ಕಿ ಡಬ್ಬದಲ್ಲಿ ಇರುವ ಹಳೇ ಆಸ್ಪತ್ರೆ ಚೀಟಿಗಳನ್ನು ಈಚೆಗೆ ತೆಗೆಸುತ್ತೇವೆ. ಓದಿ, ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಆ ಮನೆಗೇ ಕೊಡುತ್ತೇವೆ, ಫೋನಿನಲ್ಲಿ ಫೋಟೋ ಹಿಡಿದು ಮಗ ಮಗಳಿಗೆ ಕಳಿಸುತ್ತೇವೆ. ಚೀಟಿ ಇಲ್ಲದವರ ಮೈಮೇಲೆ ಗಾಯದ ಗುರುತಿದ್ದರೆ ಅದನ್ನೂ ಕೇಳಿ ಬರೆಯುತ್ತೇವೆ: ಯಾವ ವರ್ಷ, ಯಾವ ಊರು, ಏನು ತೆಗೆದರು. ಮೊದಲ ಭಾನುವಾರ ಹನ್ನೊಂದು ಮನೆ ಮುಗಿಯಿತು. ಗರ್ಭಕೋಶ ತೆಗೆಸಿಕೊಂಡ ನಾಲ್ಕು ಜನ ಹೆಂಗಸರು ಸಿಕ್ಕರು. ಯಾಕೆ ತೆಗೆದರು ಅಂತ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವರ ಚೀಟಿಗಳನ್ನು ಈಗ ಹುಡುಕುತ್ತಿದ್ದೇವೆ.